ಏಳು ಚುಚ್ಚು, ಏಳು ಕೆಮ್ಮು

ಮೂರನೇ ಕೆಮ್ಮಿಗೆ ವೈದ್ಯೆಯ ಕಿವಿ ನೆಟ್ಟಗಾಯಿತು.

ಬೆನ್ನುಹುರಿ ಸಂಶೋಧನಾ ಕೇಂದ್ರದ ತಪಾಸಣೆ ಕೋಣೆ. ಕಣ್ಣಿಗೆ ಕಿವಿವರೆಗೂ ಬರುವ ಅಗಲ ಬಟ್ಟೆ ಕಟ್ಟಿಸಿಕೊಂಡು ಮಂಚದ ಮೇಲೆ ಮಲಗಿದ್ದವನು ಹಾಸಿಗೆ ಹೊಲಿಯುವವನು. ಅಟ್ಟದಿಂದ ಬಿದ್ದು ಎಂಟು ತಿಂಗಳಾಗಿತ್ತು. ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ವೈದ್ಯೆ ಕಾಲಿಗೆ ಸೂಜಿ ಮುಟ್ಟಿಸಬೇಕು, ತಿಳಿದರೆ ಅವನು "ಹ್ಞೂಂ" ಅನ್ನಬೇಕು. ಹೋದ ತಿಂಗಳು ಒಂದೂ ಹ್ಞೂಂ ಬಂದಿರಲಿಲ್ಲ. ಇವತ್ತೂ ಹಾಗೇ ಆದರೆ ಹೊಸ ಚಿಕಿತ್ಸೆಯ ಪಟ್ಟಿಯಿಂದ ಹೆಸರು ಹೊಡೆದು ಮನೆಗೆ ಕಳಿಸುತ್ತಾರೆ.

ಹೆಂಡತಿಗೆ ಆ ಹೆದರಿಕೆಯಲ್ಲಿ ನಿದ್ದೆಯೇ ಬಂದಿರಲಿಲ್ಲ. ಬೆಳಿಗ್ಗೆಯೇ ಗಂಡನಿಗೆ ಹೇಳಿಕೊಟ್ಟಿದ್ದಳು: "ನಾನು ಕೆಮ್ಮಿದ ತಕ್ಷಣ ಹ್ಞೂಂ ಅನ್ನಿ. ತಲೆ ಓಡಿಸೋಕೆ ಹೋಗ್ಬೇಡಿ." ಅವನು ತಲೆಯಾಡಿಸಿದ್ದ. ಈಗ ಹಾಸಿಗೆ ಅಂಗಡಿ ನೋಡಿಕೊಳ್ಳುವವಳು ಅವಳೇ. ಅವಳು ಬಂದುಹೋದ ಕಡೆಯೆಲ್ಲ ಹತ್ತಿಯ ಎಳೆ. ಗಂಡನ ಕೆನ್ನೆಯ ಮೇಲೂ ಒಂದೆರಡು ಅಂಟಿದ್ದವು.

ಸೂಜಿ, ಕೆಮ್ಮು, ಹ್ಞೂಂ. ಸೂಜಿ, ಕೆಮ್ಮು, ಮೌನ. ಬಾಗಿಲ ಬಳಿ ನಿಂತಿದ್ದ ಹೆಂಡತಿ ಹಲ್ಲು ಕಡಿದಳು. ಹೇಳಿಕೊಟ್ಟಿದ್ದನ್ನೂ ಒಪ್ಪಿಸಲು ಬಾರದ ಗಂಡ! ಇನ್ನೂ ಜೋರಾಗಿ ಕೆಮ್ಮಿದಳು.

ವೈದ್ಯೆ ಸಿಟ್ಟಿನಲ್ಲಿ ತಿರುಗುವಾಗ ಕೈತಗುಲಿ ಸ್ಟೀಲ್ ತಟ್ಟೆ ಢಣ್ಣೆಂದು ನೆಲಕ್ಕೆ ಬಿತ್ತು. ಹೆಂಡತಿ ಬೆಚ್ಚಿಬಿದ್ದಳು. ಗಂಡ ಮಿಸುಕಲಿಲ್ಲ. ಎಂಥ ಗಟ್ಟಿ ಆಸಾಮಿ ಎಂದುಕೊಂಡಳು ವೈದ್ಯೆ.

ಕೊನೆಗೆ ವೈದ್ಯೆ ಲೆಕ್ಕ ಹಾಕಿದಳು: ಏಳು ಚುಚ್ಚು, ಏಳು ಕೆಮ್ಮು, ನಾಲ್ಕು ಹ್ಞೂಂ. ಏಳಕ್ಕೆ ಏಳೂ ಹೇಳಿದರೆ ಸಿಕ್ಕಿಬೀಳುತ್ತೇನೆಂದು ಮೂರನ್ನು ಬೇಕೆಂದೇ ಬಿಟ್ಟಿದ್ದಾನೆ, ಕಿಲಾಡಿ!

"ಅಮ್ಮಾ, ನಿಮ್ಮ ಕೆಮ್ಮಿಗೆ ಔಷಧಿ ನನ್ನ ಹತ್ರ ಇದೆ," ಎಂದು ಪೆನ್ನು ತೆಗೆದಳು. "ಇಬ್ಬರೂ ಸೇರಿ ನಾಟಕ ಆಡ್ತಿದ್ದೀರಾ? ಹೆಸರು ಹೊಡೀತೀನಿ."

"ತಪ್ಪು ನಂದು, ಅವರದಲ್ಲ," ಎಂದು ಹೆಂಡತಿ ಅತ್ತೇಬಿಟ್ಟಳು.

"ಯಾಕೆ ನಿಲ್ಲಿಸಿಬಿಟ್ರಿ? ಚುಚ್ಚಿ ಡಾಕ್ಟ್ರೇ!" ಮಂಚದಿಂದ ಗಂಡ ಖುಷಿಯಾಗಿ ಕೂಗಿದ.

ಈ ನಾಚಿಕೆಗೇಡಿತನಕ್ಕೆ ಉರಿದುಬಿದ್ದ ವೈದ್ಯೆ ಸರಕ್ಕನೆ ಅವನ ಕಣ್ಣಿನ ಬಟ್ಟೆ ಎಳೆದಳು. ಅಳುತ್ತಿದ್ದ ಹೆಂಡತಿಯನ್ನು ಕಂಡು ಅವನು ಗಾಬರಿಯಾದ.

ಎರಡೂ ಕಿವಿಗಳಿಂದ ಹೆಬ್ಬೆರಳು ಗಾತ್ರದ ಹತ್ತಿಯುಂಡೆ ಕಿತ್ತು ತೆಗೆದು ಹೇಳಿದ: "ಇವಳ ಕೆಮ್ಮು ಕೇಳಿಸಿದ್ರೆ, ಕಾಲಿಗೆ ನಿಜವಾಗ್ಲೂ ತಿಳೀತೋ ಇಲ್ವೋ ಅಂತ ನನಗೇ ಗೊತ್ತಾಗ್ತಿರಲಿಲ್ಲ ಡಾಕ್ಟ್ರೇ, ಈಗ ಹೇಳಿ, ನಾಲ್ಕೂ ಸರಿನಾ?"