ಇಶಾಡಿನ ಬುಟ್ಟಿ

ಮಾವಿನ ಹೋಳು ಬಾಯಿಗಿಟ್ಟು ಜೈನುದ್ದೀನ್ ಸಾಹೇಬರು ಕಣ್ಣು ಮುಚ್ಚಿದರು. "ಅಂಕೋಲೆಯ ಇಶಾಡೇ ಇದು. ಪುಡಿ ಹಾಕಿ ಹಣ್ಣು ಮಾಡಿದ್ದಾದ್ರೆ ನನ್ನ ಮೂಗಿಗೇ ಗೊತ್ತಾಗ್ತದೆ. ನಿನ್ನ ಮನೆ ಮರದ್ದಲ್ವಾ ತಂಗಿ?"

"ನಿಮ್ಮ ಮರದ್ದೇ ಚಾಚಾ!" ಮಂದಾಕಿನಿ ಹಿಗ್ಗಿನಿಂದ ಅಂದಳು. "ನಮ್ಮ ವಿಶ್ವವಿದ್ಯಾಲಯಕ್ಕೆ ನೀವು ವಕ್ಫ್ ಮಾಡಿಕೊಟ್ಟ ತೋಟದ ಈ ವರ್ಷದ ಮೊದಲ ಹಣ್ಣು. ಅದಕ್ಕೇ ಈ ಸಲ ಬುಟ್ಟಿ ನಾನೇ ಹೊತ್ತು ತಂದೆ."

ಸಾಹೇಬರ ದವಡೆ ನಿಂತುಬಿಟ್ಟಿತು. ನುಂಗಲೂ ಆಗದೆ, ಉಗಿಯಲೂ ಆಗದೆ ಒಂದು ಗಳಿಗೆ ಹಾಗೇ ಕೂತರು. ಆಮೇಲೆ, ಕೂಸಿನ ಬಾಯೊಳಗಿನ ಕಲ್ಲು ತೆಗೆಯುವ ಹಾಗೆ, ಹೋಳನ್ನು ಮೆಲ್ಲಗೆ ಅಂಗೈಗೆ ತೆಗೆದುಕೊಂಡರು.

"ಅದು ಅಲ್ಲಾಹನಿಗೆ ಕೊಟ್ಟದ್ದು ತಂಗಿ. ಹಣ್ಣು ಹಾಸ್ಟೆಲಿನ ಬಡಮಕ್ಕಳಿಗೆ ಅಂತ ಬರೆಸಿದ್ದೆ. ಉದುರಿದ್ದನ್ನೂ ನಾನು ಮುಟ್ಟಬಾರದು."

ವಿಶ್ವವಿದ್ಯಾಲಯದಲ್ಲಿ ಆ ವಕ್ಫಿನ ಲೆಕ್ಕ ನೋಡುವವಳು ಮಂದಾಕಿನಿಯೇ. ದೇವಸ್ಥಾನಕ್ಕೆ ಕೊಟ್ಟವರ ಮನೆಗೆ ಪ್ರಸಾದ ತಿರುಗಿ ಬರುವುದನ್ನು ಕಂಡು ಬೆಳೆದವಳು. ಕೊಟ್ಟವರನ್ನು ಮರೆಯಬಾರದೆಂದು ಬುಟ್ಟಿ ಕಟ್ಟಿಸಿದ್ದಳು. "ದಾನಿಗಳಿಗೆ ಗೌರವ ಅಂತ ಲೆಕ್ಕದಲ್ಲೇ ಬರೆದಿದ್ದೆ ಚಾಚಾ. ಆಡಿಟಿನವರೂ ಏನೂ ಅನ್ನಲಿಲ್ಲ. ಹೋದ ವರ್ಷವೂ..."

ನಾಲಿಗೆ ಕಚ್ಚಿಕೊಂಡಳು. ಮಾತು ಆಗಲೇ ಹೊರಗೆ ಬಿದ್ದಿತ್ತು.

"ಹೋದ ವರ್ಷ ನೀನು ವಾಚ್‌ಮನ್ ಕೈಲಿ ಕಳಿಸಿದ್ದೂ ಅದೇನಾ?" ಮುದುಕರ ಸ್ವರ ಬಿರುಕುಬಿಟ್ಟಿತು. "ನಿನ್ನ ಮನೆಯದು ಅಂದ್ಕೊಂಡ್ವಿ. ನನ್ನ ಹಲೀಮಾ ಕೊನೆಗಾಲದಲ್ಲಿ ಬೇರೇನೂ ನುಂಗ್ತಿರಲಿಲ್ಲ. ಅದರ ರಸವನ್ನೇ ಚಮಚದಲ್ಲಿ ಬಾಯಿಗೆ ಬಿಟ್ಟೆ. ಬಾಯಿ ಚಪ್ಪರಿಸಿ ಇನ್ನೊಂದಿಷ್ಟು ಕೇಳಿದಳು. ಅದನ್ನೂ ಕೊಟ್ಟೆ."

ಮಂದಾಕಿನಿ ಕೈಮುಗಿದಳು. "ತಪ್ಪು ನಂದು ಚಾಚಾ. ಚಾಚಿಗೆ ಗೊತ್ತೇ ಇರಲಿಲ್ಲ. ದೇವರಿಗೆ ಅಷ್ಟೂ ತಿಳಿಯೂದಿಲ್ವಾ?"

"ಅವನು ಮಾಫ್ ಮಾಡಿಯಾನು. ಮಕ್ಕಳ ಪಾಲನ್ನು ಮಕ್ಕಳೇ ಮಾಫ್ ಮಾಡಬೇಕು. ಹೋದ ವರ್ಷದವರು ಹಾಸ್ಟೆಲಿನಲ್ಲಿ ಇದ್ದಾರಾ?"

"ಓದು ಮುಗಿಸಿ ಹೋದ್ರು. ಒಬ್ಬ ಸುಂಕಸಾಳದವನು, ಒಬ್ಬಳು ದೇವಬಾಗದವಳು. ಉಳಿದವರು ಬೀದರ, ರಾಯಚೂರು ಅಂತ ಎಲ್ಲೆಲ್ಲೋ..."

ಸಾಹೇಬರು ಗೋಡೆ ಹಿಡಿದು ಎದ್ದರು. ಕಾಲಿನಿಂದಲೇ ತಡವಿ ಮಂಚದಡಿಯ ಚಪ್ಪಲಿ ಮೆಟ್ಟಿಕೊಂಡರು.

"ದೇವಬಾಗ ಹತ್ತಿರ," ಅಂದರು. "ಮೊದಲು ಆ ಹುಡುಗಿಯ ಮನೆ ತೋರಿಸು."