ಕುರಿಮರಿಗೆ ಸಿಗದ ಮಾತ್ರೆ

ಭಾನುವಾರ, ಮಧ್ಯಾಹ್ನ ಮೂರು ಗಂಟೆ. ತಮ್ಮನ ಮಾತ್ರೆಯ ಸ್ಟ್ರಿಪ್ ಹರಿದಾಗ ಬಂದ ವಾಸನೆ ನನ್ನನ್ನು ನಾನು ಚಿಕ್ಕವಳಿದ್ದಾಗಿನ ಕೊಂಡ್ಲಹಳ್ಳಿಯ ಮನೆಗೆ ಎಳೆದೊಯ್ದಿತು.

ಅಂದು ನನ್ನ ಕಿವಿಯ ಕೀವು ನಿಂತಿತ್ತು. ಅದೇ ವಾಸನೆಯ, ಎರಡು ಔಷಧಿ ಕೂಡಿದ್ದ ಆ್ಯಂಟಿಬಯಾಟಿಕ್ ಮಾತ್ರೆಗಳು ಇನ್ನೂ ಉಳಿದಿದ್ದವು. ಮನೆಯವರಿಗೆ ವಾಸಿಯಾದ ಮೇಲೆ ಉಳಿದ ಮಾತ್ರೆ ಕುರಿಗೆ ಹಾಕುವ ರೂಢಿಯಂತೆ ಅಜ್ಜ, ಕೆಮ್ಮುತ್ತಿದ್ದ ಕುರಿಮರಿಗೆ ಅರೆದು ಕುಡಿಸಲು ಕೈಚಾಚಿದ.

“ಹುಡುಗಿ ಮರಿಗಿಂತ ಜೋರಾಗಿ ಕುಣೀತೈತೆ. ಇನ್ಯಾಕೆ ಮಾತ್ರೆ?”

“ಅರ್ಧಕ್ಕೆ ಬಿಟ್ರೆ ಕೀವು ತಿರುಗಿ ಬರ್ತೈತಂತೆ ಮಾವ. ಪೂರಾ ಮುಗಿಸು ಅಂದಾರೆ ಡಾಕ್ಟ್ರು. ಮರಿಗೆ ದನದ ಡಾಕ್ಟ್ರು ಅದಾರೆ,” ಅಂದಳು ಅವ್ವ.

“ಕುರಿ ಕಾಯೋನಿಗೇ ಬುದ್ಧಿ ಹೇಳ್ತೀಯಾ?”

“ಕುರಿ ನಿಮ್ದು ಮಾವ. ಕಿವಿ ನನ್ನ ಮಗಳ್ದು.”

ಅವ್ವ ಮುದ್ದೆ ಉಣಿಸಿ, ಮಾತ್ರೆ ಬಾಯಿಗಿಟ್ಟಳು. ನಾನು ಅಜ್ಜನನ್ನೇ ದಿಟ್ಟಿಸುತ್ತ ನುಂಗಿ, ಖಾಲಿ ನಾಲಿಗೆ ತೋರಿಸಿದೆ.

ನಮ್ಮ ಮನೆಯಲ್ಲಿ ಆ ರೂಢಿ ಅಂದೇ ನಿಂತಿತು. ನಿಮ್ಮಲ್ಲಿ ಯಾರು ನಿಲ್ಲಿಸಿದರು? ಗೊತ್ತಿದ್ದವರು ಬರೆಯಿರಿ.