ಉದ್ದ ದೀಪ, ದುಂಡು ದೀಪ

ಕೆಂಪು, ಹಸಿರು ಎರಡೂ ಒಂದೇ ಬಣ್ಣವಾಗಿ ಕಾಣುವ ಮಗಳು ಗಂಗೂಗೆ ಅವಳ ಆರನೇ ವರ್ಷದಲ್ಲೇ ಮಾತು ಕೊಟ್ಟಿದ್ದೆ: "ನೀನೂ ಒಬ್ಬಾಕೀನ ವಿಮಾನ ಹಾರಸ್ತಿ." ರಸ್ತೆಗಳು ಹಿನ್ನೀರಲ್ಲಿ ಮುಳುಗಿದ ಮೇಲೆ ನಮ್ಮ ಓಣಿಯಲ್ಲಿ ಮನೆಗೊಂದು ವಿಮಾನ, ಎಲ್ಲವೂ ಕೈಯಾರೆ ಕಟ್ಟಿದವು.

ಹನ್ನೆರಡು ವರ್ಷದ ನಂತರ ನಮ್ಮ ವಿಮಾನದ ಎಡರೆಕ್ಕೆಯ ತುದಿಗೆ ಉದ್ದನೆಯ ಕೆಂಪು ದೀಪ, ಬಲಕ್ಕೆ ದುಂಡನೆಯ ಹಸಿರು ದೀಪ ಮಾಡಿ ಕೂರಿಸಿದೆ. ಗಂಗೂ ನಕ್ಕಳು.

"ಯವ್ವಾ, ನಮ್ಮ ದೀಪ ನಾ ಏನ್ ನೋಡ್ಲಿ? ಕತ್ತಲಾಗ ಎದುರಿನವ್ರ ದೀಪ ನೋಡೇ ಅವ್ರು ಯಾವ ಕಡೆ ಹೊಂಟಾರ ಅಂತ ಗೊತ್ತಾಗಬೇಕಲ್ಲ!"

ಮರುದಿನವೇ ಏಣಿ ಹೊತ್ತು ಪಕ್ಕದ ಮನೆಯ ಈರಪ್ಪನ ವಿಮಾನದ ಬಳಿ ಹೋದೆ.

"ನನ್ನ ದೀಪಕ್ಕೇನಾಗೇತ್ರಿ ಅಕ್ಕಾರ?"

"ಛಲೋನ ಐತಿ. ನನ್ನ ಮಗಳು ನಿನಗ ಡಿಕ್ಕಿ ಹೊಡೀಬಾರ್ದು, ಅಷ್ಟ."

ಅವನೇ ಏಣಿ ಹಿಡಿದ.

ಓಣಿಯ ಮೂವತ್ತೊಂದು ವಿಮಾನಗಳಿಗೆ ದೀಪ ಬದಲಾಯಿಸಲು ಎಂಟು ತಿಂಗಳು ಹಿಡಿಯಿತು. ಇವತ್ತು ಸಂಜೆ ಗಂಗೂ ಒಬ್ಬಳೇ ಹಾರಿದಳು.